ಬಾಯಿಪಾಠದ ಪರವಾಗಿ

‘ಮನಸ್ಸಿಲ್ಲದೆ ಮಾಡಿದ ಪ್ರಾರ್ಥನೆ ಪ್ರಾರ್ಥನೆಯೇ ಅಲ್ಲ.’ ನನ್ನ ವಯಸ್ಸಿನ ಕ್ರೈಸ್ತರು ಈ ಮಾತನ್ನು ಎಷ್ಟು ಸಲೀಸಾಗಿ ಹೇಳುತ್ತಾರೆಂದರೆ, ಕೇಳಿದವರಿಗೆ ಇದು ಯೇಸುವೇ ಬೆಟ್ಟದ ಮೇಲೆ ಕೂತು ಹೇಳಿದ ಮಾತಿರಬೇಕು ಅನ್ನಿಸುತ್ತದೆ. ಯುವಜನರ ಶಿಬಿರಗಳಲ್ಲಿ ಕೇಳಿದ್ದೇನೆ, ಹಾಸ್ಟೆಲ್ ಕೋಣೆಗಳಲ್ಲಿ ಕೇಳಿದ್ದೇನೆ, ಮದುವೆ ಮನೆಯ ಊಟದ ಸಾಲಿನಲ್ಲೂ ಕೇಳಿದ್ದೇನೆ. ಕೇಳಲು ಚೆಂದದ ಮಾತು. ಪ್ರಾಮಾಣಿಕತೆಯ ಪರಿಮಳ ಇದೆ. ಆದರೆ ಹಾಗೆ ಹೇಳಿದವರು ಆಮೇಲೆ ಮನಸ್ಸಿಟ್ಟು ಪ್ರಾರ್ಥಿಸತೊಡಗಿದ್ದನ್ನು ನಾನು ಕಂಡದ್ದು ಕಡಿಮೆ. ಮನಸ್ಸು ಬರಲೆಂದು ಕಾದರು, ಮನಸ್ಸು ಬರಲಿಲ್ಲ, ಪ್ರಾರ್ಥನೆ ನಿಂತುಹೋಯಿತು. ನಿಂತದ್ದಕ್ಕೆ ಪ್ರಾಮಾಣಿಕತೆ ಎಂಬ ಹೆಸರೂ ಸಿಕ್ಕಿತು.

ಈ ಬರಹ ಆ ಮಾತಿನ ವಿರುದ್ಧ. ನನ್ನ ವಾದ ಸರಳ. ದಿನದಿನವೂ ಉಳಿಯುವ ಖಾಸಗಿ ಪ್ರಾರ್ಥನೆ ಭಾವದ ಮೇಲೆ ನಿಲ್ಲುವುದಿಲ್ಲ. ಅದು ಬಾಯಿಪಾಠದ ಮೇಲೆ, ಎರವಲು ಮಾತಿನ ಮೇಲೆ, ಅಭ್ಯಾಸದ ಮೇಲೆ ನಿಲ್ಲುತ್ತದೆ. ಇದನ್ನು ಒಪ್ಪಿಕೊಳ್ಳಲು ನಾಚುವ ತಲೆಮಾರು ಪ್ರಾರ್ಥನೆಯನ್ನು ಕಳೆದುಕೊಳ್ಳುವುದರ ಜೊತೆಗೆ ಇನ್ನೂ ಕೆಲವನ್ನು ಕಳೆದುಕೊಳ್ಳುತ್ತದೆ.

ನಾನು ಬೆಳೆದದ್ದು ದಾಂಡೇಲಿಯ ಬಂಗೂರನಗರದಲ್ಲಿ. 1955ರಲ್ಲಿ ಕಾಳಿ ನದಿಯ ದಂಡೆಯಲ್ಲಿ ಶುರುವಾದ ಪೇಪರ್ ಮಿಲ್ಲಿನ ಸುತ್ತ ಹುಟ್ಟಿದ ಊರಿದು. ಊರಿನ ಹೆಸರೂ ಮಿಲ್ಲಿನ ಮಾಲೀಕರ ಮನೆತನದ್ದೇ. ಕೆಲಸ ಹುಡುಕಿಕೊಂಡು ನಾನಾ ಕಡೆಯಿಂದ ಜನ ಬಂದರು. ಹಾಗಾಗಿ ನಮ್ಮಲ್ಲಿ ದೇವರನ್ನು ಕರೆಯುವ ಭಾಷೆಗಳೂ ನಾನಾ ಬಗೆ: ಕೊಂಕಣಿ, ಕನ್ನಡ, ಮರಾಠಿ, ತೆಲುಗು, ತಮಿಳು, ಮಲಯಾಳಂ. ಒಂದೇ ಸಾಲಿನ ಕ್ವಾರ್ಟರ್ಸ್‌ಗಳಲ್ಲಿ ಸಂಜೆ ಒಂದು ಮನೆಯಿಂದ ಕೊಂಕಣಿಯ ತೇರ್ಸ್, ಪಕ್ಕದ ಮನೆಯಿಂದ ತೆಲುಗು ಹಾಡು ಕೇಳಿಸುತ್ತಿದ್ದವು. ಇದೆಲ್ಲದರ ಮೇಲೆ ಪಾಳಿಯ ಕೆಲಸ. ಈ ವಾರ ಬೆಳಗಿನ ಪಾಳಿ, ಬರುವ ವಾರ ಮಧ್ಯಾಹ್ನದ್ದು, ಅದರಾಚೆ ರಾತ್ರಿಯದು. ಪಾಳಿಯವನ ಮನೆಯಲ್ಲಿ ಊಟಕ್ಕೂ ನಿದ್ದೆಗೂ ಒಂದು ಹೊತ್ತೆಂಬುದಿಲ್ಲ.

ಪಾಳಿಯ ಮಾತು ಸುಮ್ಮನೆ ತಂದದ್ದಲ್ಲ. ‘ಶಿಸ್ತಿನ ಪ್ರಾರ್ಥನಾ ಜೀವನ’ದ ಬಗ್ಗೆ ಬರೆದ ಪುಸ್ತಿಕೆಗಳನ್ನು ತೆಗೆದು ನೋಡಿ. ಬೆಳಗಿನ ಜಾವ ಐದಕ್ಕೆ ಏಳಿ, ಮೌನವಾದ ಕೋಣೆಯನ್ನು ಆರಿಸಿಕೊಳ್ಳಿ, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ ಎಂದು ಶುರುವಾಗುತ್ತವೆ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮನೆ ಸೇರುವವನಿಗೆ ಐದು ಗಂಟೆ ಎಂದರೆ ಯಂತ್ರದ ಮುಂದೆ ನಿಂತ ಹೊತ್ತು. ಎರಡು ಕೋಣೆಯ ಮನೆಯಲ್ಲಿ ಐದು ಜನ ಇರುವವರಿಗೆ ಮೌನವಾದ ಕೋಣೆ ಯಾವುದು? ಆ ಪುಸ್ತಿಕೆಗಳು ಕಾಣುವ ಕ್ರೈಸ್ತ ಯಾರೆಂದರೆ ಸ್ವಂತ ಕೋಣೆ, ಸ್ವಂತ ಸಮಯ, ಸ್ವಂತ ಗಡಿಯಾರ ಇರುವವನು. ನಮ್ಮಪ್ಪ ಅವನಲ್ಲ. ಅಪ್ಪ ಯಾವ ಪಾಳಿಯಿದ್ದರೂ ಬುತ್ತಿಯ ಚೀಲವನ್ನು ಸೈಕಲ್ಲಿಗೆ ಸಿಕ್ಕಿಸಿ ಶಿಲುಬೆಯ ಗುರುತು ಮಾಡಿ, ಮಿಲ್ಲಿನ ಗೇಟು ಬರುವಷ್ಟರಲ್ಲಿ ಒಂದು ಪರಲೋಕ ಮಂತ್ರ, ಮೂರು ನಮೋ ಮರಿಯಾ ಮುಗಿಸುತ್ತಿದ್ದರು. ಗಡಿಯಾರ ವಾರವಾರ ಬದಲಾಗುತ್ತಿತ್ತು, ಸೈಕಲ್ ಬದಲಾಗಲಿಲ್ಲ. ಭಾವ ಬಂದಿತ್ತೋ ಇಲ್ಲವೋ ನಾನು ಕೇಳಿಲ್ಲ. ಕೇಳಿದ್ದರೆ ಅವರಿಗೆ ಪ್ರಶ್ನೆಯೇ ಅರ್ಥವಾಗುತ್ತಿರಲಿಲ್ಲ.

ಬಾಯಿಪಾಠವನ್ನು ಹಳಿಯುವವರು ಮೊದಲು ಎತ್ತಿಕೊಳ್ಳುವುದು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯವನ್ನು. ಬೀದಿಯ ಮೂಲೆಯಲ್ಲಿ ನಿಂತು ಜನ ನೋಡಲೆಂದು ಪ್ರಾರ್ಥಿಸಬೇಡಿ, ಕೋಣೆಯ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಿ, ಮಾತು ಹೆಚ್ಚಾದರೆ ದೇವರು ಕೇಳುತ್ತಾನೆಂದು ಬಡಬಡಿಸಬೇಡಿ ಎಂದು ಯೇಸು ಅಲ್ಲಿ ಹೇಳುತ್ತಾನೆ. ಸರಿ. ಆದರೆ ಓದುವವರು ಅಲ್ಲಿಗೇ ಪುಸ್ತಕ ಮುಚ್ಚಿಬಿಡುತ್ತಾರೆ. ಅದರ ಬೆನ್ನಿಗೇ ಯೇಸು ಮಾಡುವುದೇನು? ‘ನಿಮಗೆ ತೋಚಿದ್ದನ್ನು ಹೇಳಿ’ ಎನ್ನುವುದಿಲ್ಲ. ಕೂಡಲೇ ಸಿದ್ಧವಾದ ಒಂದು ಚಿಕ್ಕ ಪ್ರಾರ್ಥನೆಯನ್ನು ಕಲಿಸಿಕೊಡುತ್ತಾನೆ. ಅದೇ ಸುವಾರ್ತೆಯಲ್ಲಿ ಗೆತ್ಸೆಮನೆ ತೋಟದ ರಾತ್ರಿಯನ್ನು ಓದಿ. ಸಾವು ಎದುರಿಗೆ ಬಂದು ನಿಂತಾಗ ಅವನು ಮೂರು ಸಲ ಪ್ರಾರ್ಥಿಸುತ್ತಾನೆ, ಮೂರನೆಯ ಸಲವೂ ಅದೇ ಮಾತುಗಳನ್ನೇ ಹೇಳಿದನೆಂದು ಮತ್ತಾಯ ಬಿಡಿಸಿ ಬರೆದಿದ್ದಾನೆ. ಮಾರನೆಯ ದಿನ ಶಿಲುಬೆಯ ಮೇಲೆ ಕೂಗಿದ್ದು 22ನೆಯ ಕೀರ್ತನೆಯ ಮೊದಲ ಸಾಲು. ಎಳವೆಯಲ್ಲಿ ಕಲಿತ, ಬೇರೆ ಯಾರೋ ಕಟ್ಟಿದ ಮಾತು. ಪ್ರಾಣ ಹೋಗುವ ಹೊತ್ತಿಗೂ ಯೇಸುವಿಗೆ ಸ್ವಂತ ಮಾತು ಬೇಕೆನಿಸಲಿಲ್ಲ. ನಮಗೆ ಮಾತ್ರ ಹಾಸ್ಟೆಲ್ಲಿನ ಮಂಚದ ಮೇಲೆ ಕೂತು ‘ಮೌಲಿಕವಾದ’ ಪ್ರಾರ್ಥನೆ ಬೇಕು!

ಮೊದಲ ತಲೆಮಾರಿನ ಕ್ರೈಸ್ತರಿಗೂ ಈ ಮುಜುಗರ ಇರಲಿಲ್ಲ. ‘ದಿದಾಖೆ’ ಎಂಬ ಪುಟ್ಟ ಗ್ರೀಕ್ ಕೈಪಿಡಿ ಹೊಸ ಒಡಂಬಡಿಕೆಯ ಕಾಲಕ್ಕೆ ತೀರ ಹತ್ತಿರದ್ದು. ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಸಲ ಹೇಳಿ ಎಂದು ಅದು ನೇರವಾಗಿ ವಿಧಿಸುತ್ತದೆ. ಮನಸ್ಸು ಬಂದರೆ ಎಂಬ ಷರತ್ತು ಅಲ್ಲಿಲ್ಲ.

ಇನ್ನು ಸಾಹಿತ್ಯದ ಗೆಳೆಯರು. ಇವರಲ್ಲಿ ಹೆಚ್ಚಿನವರು ಪ್ರಾರ್ಥಿಸುವವರಲ್ಲ, ಆದರೆ ಪ್ರಾರ್ಥನೆ ಹೇಗಿರಬೇಕೆಂದು ಖಚಿತವಾಗಿ ಬಲ್ಲರು. ನಾನು ಜಪಸರ ಹಿಡಿದದ್ದನ್ನು ಕಂಡರೆ ವಚನಕಾರರನ್ನು ಕರೆತರುತ್ತಾರೆ: ಬಾಹ್ಯಾಚಾರವನ್ನು ಹನ್ನೆರಡನೆಯ ಶತಮಾನದಲ್ಲೇ ಕಿತ್ತೊಗೆದ ನಾಡಲ್ಲವೇ ಇದು ಎಂದು. ನಾನು ವಚನಗಳನ್ನು ಅವರಷ್ಟೇ ಪ್ರೀತಿಯಿಂದ ಓದಿದವಳು. ವಚನಕಾರರು ಕಲ್ಲಿನ ದೇಗುಲವನ್ನು ಪ್ರಶ್ನಿಸಿದ್ದು ನಿಜ. ಆಮೇಲೆ ಏನು ಮಾಡಿದರು? ಒಬ್ಬೊಬ್ಬರ ಅಂಗೈಗೂ ಒಂದು ಲಿಂಗ ಕೊಟ್ಟು, ದಿನವೂ ಪೂಜಿಸು ಎಂದರು. ಹೊರಗಿದ್ದ ನೇಮವನ್ನು ಅಳಿಸಿ ಹಾಕಲಿಲ್ಲ, ಪೂಜಾರಿಯ ಕೈಯಿಂದ ತೆಗೆದು ಪ್ರತಿಯೊಬ್ಬರ ಕೈಗೆ ಹಾಕಿದರು. ಇಷ್ಟಲಿಂಗದಷ್ಟು ಖಾಸಗಿಯಾದ, ಅದರಷ್ಟು ಕಟ್ಟುನಿಟ್ಟಾದ ನಿತ್ಯದ ನೇಮ ನಮ್ಮ ನಾಡಿನಲ್ಲಿ ಬೇರೆ ಇದೆಯೇ? ವಚನಗಳಿಂದ ದಂಗೆಯನ್ನು ಮಾತ್ರ ಆರಿಸಿಕೊಂಡು ನೇಮವನ್ನು ಬಿಟ್ಟವರು ಅರ್ಧ ಬಸವಣ್ಣನನ್ನು ಓದಿದವರು.

ಇದೇ ಗೆಳೆಯರು ರಜೆಯಲ್ಲಿ ಮುಂಡಗೋಡಕ್ಕೆ ಬರುತ್ತಾರೆ. 1960ರ ದಶಕದಲ್ಲಿ ನೆಲೆಯೂರಿದ ಟಿಬೆಟನ್ನರ ಕಾಲೋನಿ, ಅಲ್ಲಿ ಮತ್ತೆ ಕಟ್ಟಿದ ದ್ರೆಪುಂಗ್ ಮತ್ತು ಗಾಂದೆನ್ ಮಠಗಳು. ಎಳೆಯ ಭಿಕ್ಷುಗಳು ಗ್ರಂಥಗಳನ್ನು ಗಟ್ಟಿಯಾಗಿ ಹೇಳಿ ಉರುಹೊಡೆಯುವುದನ್ನು, ಹಿರಿಯರು ಸಾಲಾಗಿ ಕೂತು ಒಂದೇ ಸ್ವರದಲ್ಲಿ ಪಠಿಸುವುದನ್ನು ಕಣ್ಣರಳಿಸಿ ನೋಡುತ್ತಾರೆ, ಫೋಟೋ ಹಾಕುತ್ತಾರೆ, ‘ಎಂಥ ಶಾಂತಿ’ ಎಂದು ಬರೆಯುತ್ತಾರೆ. ಅಲ್ಲಿಂದ ಅಷ್ಟೇನೂ ದೂರವಲ್ಲದ ಹಳಿಯಾಳದ ಕಾಡಂಚಿನ ಹಳ್ಳಿಯಲ್ಲಿ ಸಿದ್ದಿ ಕ್ರೈಸ್ತರ ಮುದುಕಿಯೊಬ್ಬಳು ದೀಪ ಹಚ್ಚಿಟ್ಟು 50 ನಮೋ ಮರಿಯಾ ಹೇಳಿದರೆ ಅದು ಯಾಂತ್ರಿಕ. ದೂರದ್ದಾದರೆ ಧ್ಯಾನ, ನೆರೆಮನೆಯದಾದರೆ ಗಿಳಿಪಾಠ. ಮುದುಕಿ ಓದು ಬಾರದವಳು. ಪಾದ್ರಿ ಅಪರೂಪಕ್ಕೆ ಬರುವ ಊರಿನಲ್ಲಿ ಅವಳ ಕೈಯಲ್ಲಿರುವ ಮಣಿಸರವೇ ಅವಳ ಗ್ರಂಥ, ಅವಳ ಗುಡಿ. ಅದನ್ನು ಯಾಂತ್ರಿಕ ಎನ್ನುವ ಮೊದಲು ಅವಳಿಗೆ ಬೇರೆ ಏನು ಕೊಟ್ಟಿದ್ದೇವೆ ಎಂದು ಕೇಳಿಕೊಳ್ಳಬೇಕು.

ಧಾರವಾಡದ ಕಡೆ ಓದಿದವರಿಗೆ ರಿಯಾಜಿನ ಹೋಲಿಕೆ ಹತ್ತಿರದ್ದು. ಮಲ್ಲಿಕಾರ್ಜುನ ಮನ್ಸೂರರೋ ಗಂಗೂಬಾಯಿ ಹಾನಗಲ್ಲರೋ ಮನಸ್ಸು ಬಂದ ದಿನ ಮಾತ್ರ ಸ್ವರ ಹಚ್ಚಿದ್ದರೆ ನಾವು ಅವರ ಹೆಸರು ಕೇಳುತ್ತಿರಲಿಲ್ಲ. ಈ ಹೋಲಿಕೆ ಅರ್ಧ ದಾರಿಯವರೆಗೆ ಸರಿ. ರಿಯಾಜಿನ ಕೊನೆಯಲ್ಲಿ ಕಚೇರಿ ಇದೆ, ಕೇಳುಗರಿದ್ದಾರೆ, ಗಾಯಕ ನಿನ್ನೆಗಿಂತ ಇಂದು ಪಳಗುತ್ತಾನೆ. ಪ್ರಾರ್ಥನೆಗೆ ಕಚೇರಿಯಿಲ್ಲ. ಹತ್ತು ವರ್ಷ ಪ್ರಾರ್ಥಿಸಿದವಳು ನಿನ್ನೆ ಶುರುಮಾಡಿದವಳಿಗಿಂತ ಚೆನ್ನಾಗಿ ಪ್ರಾರ್ಥಿಸುತ್ತಾಳೆಂದು ಯಾರೂ ಹೇಳಲಾರರು. ಹಾಗಾದರೆ ದಿನವೂ ಯಾಕೆ? ಅದೊಂದು ಸಂಬಂಧ, ಅದಕ್ಕೆ. ಮನೆಗೆ ಬಂದ ಕೂಡಲೆ ‘ಊಟ ಆಯ್ತಾ?’ ಎಂದು ಅಮ್ಮ ದಿನವೂ ಕೇಳುತ್ತಾರೆ. ಆ ಮಾತಿನಲ್ಲಿ ಹೊಸತೇನಿಲ್ಲ. ಒಂದು ದಿನ ಕೇಳದಿದ್ದರೆ ಮಾತ್ರ ಏನೋ ಆಗಿದೆ ಎಂದು ಗೊತ್ತಾಗುತ್ತದೆ.

ಭಾವವೇ ಪ್ರಾರ್ಥನೆಯ ಅಳತೆಗೋಲು ಎನ್ನುವವರಿಗೆ ಮದರ್ ತೆರೇಸಾ ದೊಡ್ಡ ತೊಡಕು. ಅವರು ತೀರಿಹೋದ ಹತ್ತು ವರ್ಷಕ್ಕೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪುಸ್ತಕವಾಗಿ ಬಂದವು. ಸುಮಾರು ಅರ್ಧ ಶತಮಾನ ಅವರಿಗೆ ದೇವರ ಇರವು ಅನುಭವಕ್ಕೇ ಬರಲಿಲ್ಲವೆಂಬುದು ಜಗತ್ತಿಗೆ ತಿಳಿದದ್ದು ಆಗ. ಪತ್ರಿಕೆಗಳು ಬೆಚ್ಚಿದವು, ಕೆಲವರು ಕಪಟ ಎಂದರು. ನನಗೆ ಕಂಡದ್ದು ಬೇರೆ. ಅಷ್ಟು ವರ್ಷ ಆ ಹೆಂಗಸು ಪ್ರತಿದಿನ ಮುಂಜಾನೆ ಪ್ರಾರ್ಥನೆಗೆ ಮೊಣಕಾಲೂರಿ, ಆಮೇಲೆ ಕೋಲ್ಕತ್ತದ ಬೀದಿಗಿಳಿದರು. ಮನಸ್ಸು ಬಂದಾಗ ಮಾತ್ರ ಎಂಬ ನಿಯಮ ಅವರದ್ದಾಗಿದ್ದರೆ ಮೊದಲ ವರ್ಷವೇ ಮನೆಗೆ ಹೋಗಬೇಕಿತ್ತು.

ಸಿಮೋನ್ ವೇಲ್ ಇನ್ನೊಂದು ಉದಾಹರಣೆ. ಯಹೂದಿ ಮನೆಯಲ್ಲಿ ಹುಟ್ಟಿ, ಕ್ರಿಸ್ತನತ್ತ ಸೆಳೆಯಲ್ಪಟ್ಟೂ ಚರ್ಚಿನ ಹೊಸ್ತಿಲಾಚೆಯೇ ನಿಂತ ಫ್ರೆಂಚ್ ಚಿಂತಕಿ. 1941ರಲ್ಲಿ ದ್ರಾಕ್ಷಿ ಕೊಯ್ಲಿನ ಕೆಲಸ ಮಾಡುತ್ತಿದ್ದಾಗ ಅವರು ಯೇಸು ಕಲಿಸಿದ ಪ್ರಾರ್ಥನೆಯನ್ನು ಗ್ರೀಕ್ ಭಾಷೆಯಲ್ಲಿ ದಿನವೂ ಹೇಳುವ ಪಾಠ ಇಟ್ಟುಕೊಂಡರು. ಗಮನ ಒಂದಿಷ್ಟು ಜಾರಿದರೂ ಮತ್ತೆ ಮೊದಲಿನಿಂದ. ಭಾವ ಉಕ್ಕಲಿ ಎಂದು ಅವರು ಕಾಯಲಿಲ್ಲ, ಗಮನವನ್ನು ಹಿಡಿದು ತಂದರು. ಅವರ ದೃಷ್ಟಿಯಲ್ಲಿ ಬೆರಕೆಯಿಲ್ಲದ ಗಮನವೇ ಪ್ರಾರ್ಥನೆ. ಬಾಯಿಪಾಠ ಬೇಕಾಗುವುದು ಇಲ್ಲೇ. ಮಾತು ಹುಡುಕುವ ಕೆಲಸ ತಪ್ಪಿದಾಗ ಗಮನಕ್ಕೆ ಜಾಗ ಸಿಗುತ್ತದೆ. ಸ್ವಂತ ಮಾತು ಕಟ್ಟುವವನ ಅರ್ಧ ಮನಸ್ಸು ಯಾವಾಗಲೂ ವಾಕ್ಯದ ಮೇಲಿರುತ್ತದೆ. ಬರೆಯುವವರಿಗೆ ಇದನ್ನು ವಿವರಿಸಬೇಕಿಲ್ಲ.

ಡೀಟ್ರಿಶ್ ಬಾನ್‌ಹಾಫರ್ ಇದನ್ನೇ ಇನ್ನೂ ಖಾರವಾಗಿ ಹೇಳಿದರು. ಹೃದಯ ತನ್ನಷ್ಟಕ್ಕೆ ಪ್ರಾರ್ಥಿಸಬಲ್ಲದು ಎಂಬುದು ಅಪಾಯದ ಭ್ರಮೆ, ಹಂಬಲಿಸುವುದು, ನಿಟ್ಟುಸಿರಿಡುವುದು, ಗೋಳಾಡುವುದು ಪ್ರಾರ್ಥನೆಯಲ್ಲ, ಮಗು ಅಪ್ಪನಿಂದ ಮಾತು ಕಲಿಯುವ ಹಾಗೆ ಪ್ರಾರ್ಥನೆಯನ್ನು ಕಲಿಯಬೇಕು ಎಂಬುದು ಅವರ ವಾದ. ಈ ವಾದವಿದ್ದದ್ದು ಕೀರ್ತನೆಗಳ ಬಗ್ಗೆ 1940ರಲ್ಲಿ ಅವರು ಹೊರತಂದ ಪುಸ್ತಿಕೆಯಲ್ಲಿ. ಯಹೂದಿಗಳ ಕೀರ್ತನೆಗಳೇ ಕ್ರೈಸ್ತರ ಪ್ರಾರ್ಥನಾ ಪುಸ್ತಕ ಎಂದು ಹಿಟ್ಲರನ ಜರ್ಮನಿಯಲ್ಲಿ ಹೇಳುವುದು ಸಣ್ಣ ಸಂಗತಿಯಲ್ಲ. ಮರುವರ್ಷ ಅವರು ಏನನ್ನೂ ಪ್ರಕಟಿಸದಂತೆ ನಾಜಿ ಸರ್ಕಾರ ತಡೆ ಹಾಕಿತು, 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿಸಿತು. ಬಾಯಿಪಾಠದ ಪ್ರಾರ್ಥನೆ ಹೇಡಿಗಳದ್ದು ಎನ್ನುವವರು ಇದನ್ನು ನೆನಪಿಡಲಿ.

ಈಗ ಎದುರು ಬದಿಯವರು. ಇವರು ಅಭ್ಯಾಸದ ಪರ, ನಿತ್ಯ ಪ್ರಾರ್ಥನೆಯ ಪರ. ಆದರೆ ಅವರ ಪ್ರಾರ್ಥನೆ ಮೊಬೈಲಿನಲ್ಲಿದೆ. ಇಷ್ಟು ದಿನ ತಪ್ಪದೆ ಪ್ರಾರ್ಥಿಸಿದಿರಿ ಎಂದು ಆ್ಯಪ್ ಲೆಕ್ಕ ಇಡುತ್ತದೆ, ಒಂದು ದಿನ ತಪ್ಪಿದರೆ ಲೆಕ್ಕ ಸೊನ್ನೆಗೆ ಇಳಿಯುತ್ತದೆ. ಪ್ರಾರ್ಥಿಸಿದರೆ ಒತ್ತಡ ಕಡಿಮೆಯಾಗುತ್ತದೆ, ನಿದ್ದೆ ಬರುತ್ತದೆ, ಸಂದರ್ಶನದಲ್ಲಿ ಧೈರ್ಯ ಬರುತ್ತದೆ, ಕೆಲವರ ಪ್ರಕಾರ ಸಂಬಳವೂ ಏರುತ್ತದೆ. ಬರಬಹುದು, ಬಾರದಿರಬಹುದು. ನನ್ನ ತಕರಾರು ಫಲದ ಬಗ್ಗೆ ಅಲ್ಲ. ಫಲ ನೋಡಿ ಮಾಡುವ ಕೆಲಸವನ್ನು ಫಲ ಸಿಗದ ದಿನ ಬಿಡಲೇಬೇಕಾಗುತ್ತದೆ. ಭಾವಕ್ಕೆ ಕಾಯುವವನೂ ಫಲವನ್ನು ಎಣಿಸುವವನೂ ಒಂದೇ ಮನೆಯವರು. ಇಬ್ಬರೂ ಕೇಳುವ ಪ್ರಶ್ನೆ ಒಂದೇ: ‘ಇದರಿಂದ ನನಗೇನು ಆಯಿತು?’ ಪ್ರಾರ್ಥನೆಯಲ್ಲಿ ಎದುರಿಗೆ ಇನ್ನೊಬ್ಬನಿದ್ದಾನೆ ಎಂಬುದನ್ನು ಇಬ್ಬರೂ ಮರೆತಿದ್ದಾರೆ. ಅಪ್ಪನ ಸೈಕಲ್ ಲೆಕ್ಕ ಇಡುತ್ತಿರಲಿಲ್ಲ. ಜಪಸರದ ಮಣಿಯೂ ಲೆಕ್ಕಕ್ಕೇ ಇರುವುದು ಎನ್ನಬಹುದು. ಆದರೆ ಅದು ದುಂಡಗಿನ ಸರ, ಕೊನೆ ಮುಟ್ಟಿದ ಬೆರಳು ಮತ್ತೆ ಮೊದಲಿಗೇ ಬರುತ್ತದೆ. ನಿನ್ನೆಯ ಎಣಿಕೆಯನ್ನು ಇವತ್ತಿಗೆ ಹೊತ್ತು ತರುವುದಿಲ್ಲ, ತಪ್ಪಿದ ದಿನಕ್ಕೆ ದಂಡ ಹಾಕುವುದಿಲ್ಲ.

ಆ್ಯಪಿನ ಜೊತೆ ಇನ್ನೊಂದು ನಷ್ಟ ಬಂದಿದೆ, ಅದು ಭಾಷೆಯದು. 1963ರ ಕೊನೆಯಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಬಲಿಪೂಜೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯುವವರೆಗೆ ಇಗರ್ಜಿಯಲ್ಲಿ ಲ್ಯಾಟಿನ್ ನಡೆಯುತ್ತಿತ್ತು. ನಮ್ಮ ಅಜ್ಜಿಯರು ದೇವರೊಡನೆ ತಮ್ಮ ಭಾಷೆಯಲ್ಲಿ ಮಾತಾಡಿದ್ದು ಮನೆಯಲ್ಲೇ, ಬಾಯಿಪಾಠದ ಕೊಂಕಣಿ ಪ್ರಾರ್ಥನೆಗಳಲ್ಲೇ. ಪಾದ್ರಿಯ ಭಾಷೆ ಅರ್ಥವಾಗದ ಕಾಲದಲ್ಲೂ ತಾಯ್ನುಡಿಯನ್ನು ಕಾಪಾಡಿದ್ದು ಆ ‘ಯಾಂತ್ರಿಕ’ ತೇರ್ಸ್. ಇವತ್ತು ಇಗರ್ಜಿಯಲ್ಲಿ ಕನ್ನಡವಿದೆ, ಕೊಂಕಣಿಯಿದೆ. ಮನೆಯಲ್ಲಿ ಮಾತ್ರ ಇಂಗ್ಲಿಷ್ ಆ್ಯಪ್. ಮೊಮ್ಮಕ್ಕಳಿಗೆ ಅಜ್ಜಿಯ ಪ್ರಾರ್ಥನೆ ಬರುವುದಿಲ್ಲ. ಅವಳ ಹಾಸಿಗೆಯ ಪಕ್ಕ ಕೂತು ಕೊನೆಯ ಪ್ರಾರ್ಥನೆ ಹೇಳಬೇಕಾದ ದಿನ ಅವರ ಬಾಯಿ ಕಟ್ಟುತ್ತದೆ. ಸ್ವಂತ ಮಾತಿನ ಪ್ರಾಮಾಣಿಕತೆ ಅಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.

ಕನ್ನಡದಲ್ಲಿ ಪ್ರಾರ್ಥಿಸುವವರಿಗೆ ಇನ್ನೊಂದು ಸೂಕ್ಷ್ಮ ಗೊತ್ತು. ಯೇಸು ಕಲಿಸಿದ ಅದೇ ಪ್ರಾರ್ಥನೆಯಲ್ಲಿ ಪ್ರೊಟೆಸ್ಟೆಂಟರ ಬೈಬಲ್ ದೇವರನ್ನು ‘ನೀನು’ ಎನ್ನುತ್ತದೆ, ಕಥೋಲಿಕರ ರೂಢಿ ‘ನೀವು’ ಎನ್ನುತ್ತದೆ. ಒಂದು ಅಮ್ಮನನ್ನು ಕರೆಯುವ ಸಲಿಗೆ, ಇನ್ನೊಂದು ಅಪ್ಪನ ಎದುರಿನ ಮರ್ಯಾದೆ. ಬಂಗೂರನಗರದ ಒಂದೇ ಓಣಿಯಲ್ಲಿ ಎರಡೂ ಕೇಳಿಸುತ್ತವೆ. ಇಂಗ್ಲಿಷಿನಲ್ಲಿ ಪ್ರಾರ್ಥಿಸುವ ಹುಡುಗನಿಗೆ ತಾನು ದೇವರ ಎದುರು ಎಷ್ಟು ಹತ್ತಿರ, ಎಷ್ಟು ದೂರ ನಿಂತಿದ್ದೇನೆ ಎಂದು ತೀರ್ಮಾನಿಸುವ ಪ್ರಸಂಗವೇ ಬರುವುದಿಲ್ಲ.

ಖಾಸಗಿ ಪ್ರಾರ್ಥನೆಯ ಬಗ್ಗೆ ಇಷ್ಟು ಗಟ್ಟಿಯಾಗಿ ಮಾತಾಡಲು ಕಾಲವೂ ಒಂದು ಕಾರಣ. 2021ರಲ್ಲಿ ಕರ್ನಾಟಕದಲ್ಲಿ ಚರ್ಚುಗಳ ಸಮೀಕ್ಷೆಯ ಮಾತು ಬಂತು, 2022ರಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ಮನೆಯೊಳಗೆ ನಾಲ್ಕು ಜನ ಕೂತು ಹಾಡಿದರೂ ಯಾರು ಬಂದರು, ಯಾಕೆ ಬಂದರು ಎಂದು ಬೀದಿ ಕೇಳತೊಡಗಿತು. ಇದಕ್ಕೆ ನಮ್ಮಲ್ಲಿ ಕೆಲವರ ಉತ್ತರ ಇನ್ನೂ ದೊಡ್ಡ ಧ್ವನಿವರ್ಧಕ, ಇನ್ನೂ ದೊಡ್ಡ ಸಭೆ. ಇನ್ನು ಕೆಲವರದ್ದು ಪೂರ್ತಿ ಮೌನ. ನನಗೆ ದಾನಿಯೇಲನ ಕಥೆ ನೆನಪಾಗುತ್ತದೆ. ಮೂವತ್ತು ದಿನ ರಾಜನನ್ನು ಬಿಟ್ಟು ಬೇರೆ ಯಾರನ್ನೂ ಪ್ರಾರ್ಥಿಸಬಾರದು ಎಂಬ ಆಜ್ಞೆ ಹೊರಟಾಗ ಅವನು ಮೆರವಣಿಗೆ ತೆಗೆಯಲಿಲ್ಲ, ಕಿಟಕಿಯನ್ನೂ ಮುಚ್ಚಲಿಲ್ಲ. ದಿನಕ್ಕೆ ಮೂರು ಸಲ, ಮೊದಲು ಹೇಗೆ ಪ್ರಾರ್ಥಿಸುತ್ತಿದ್ದನೋ ಹಾಗೆಯೇ ಪ್ರಾರ್ಥಿಸಿದ. ಮೊದಲಿನ ಹಾಗೆಯೇ ಎಂಬುದರಲ್ಲೇ ಕಥೆಯ ಬಲವಿದೆ. ಮೊದಲಿನಿಂದಲೂ ಅಭ್ಯಾಸವಿದ್ದವನಿಗೆ ಮಾತ್ರ ಮೊದಲಿನ ಹಾಗೆ ಮಾಡಲು ಆಗುತ್ತದೆ. ಸಿಂಹದ ಗುಹೆ ಕಂಡಮೇಲೆ ಪ್ರಾರ್ಥನೆ ಕಲಿಯಲು ಕೂತರೆ ಅದು ಪ್ರದರ್ಶನವಾಗುತ್ತದೆ, ಇಲ್ಲವೇ ಭಯವಾಗುತ್ತದೆ.

ನನ್ನ ವಾದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಬದಿಗೆ ಸರಿಸಲಾರೆ. ಬಾಯಿಪಾಠದ ಪ್ರಾರ್ಥನೆಯನ್ನು ಮನೆಗಳಲ್ಲಿ ಬಾಯಿ ಮುಚ್ಚಿಸಲೂ ಬಳಸಿದ್ದಾರೆ. ಗಂಡ ಕುಡಿದು ಹೊಡೆದರೆ ‘ಜಪಸರ ಹೇಳು, ಸರಿಹೋಗುತ್ತದೆ’ ಎಂಬ ಬುದ್ಧಿಮಾತು ಕೇಳದ ಹೆಂಗಸರು ನಮ್ಮಲ್ಲಿ ಕಡಿಮೆ. ಸಂಜೆ ಎಲ್ಲರೂ ಕೂತಾಗ ಎದ್ದು ಒಲೆ ನೋಡಿ ಮತ್ತೆ ಬಂದು ಕೂರುವವಳು ಯಾವಾಗಲೂ ಅಮ್ಮನೇ. ಇದು ನಿಜ. ಆದರೆ ಇದಕ್ಕೆ ಮದ್ದು ಎರವಲು ಮಾತಿನ ಆಚೆ ಇಲ್ಲ, ಇನ್ನೂ ಹೆಚ್ಚು ಎರವಲು ಮಾತಿನಲ್ಲಿದೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ದೂರು, ಅಳಲು, ಸಿಟ್ಟು. 88ನೆಯದರಲ್ಲಂತೂ ಕೊನೆಗೂ ಬೆಳಕೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಇವುಗಳನ್ನು ನಮ್ಮ ಹೆಂಗಸರಿಗೆ ಬಾಯಿಪಾಠ ಮಾಡಿಸಿದವರು ಯಾರು? ಸಹಿಸುವ ಪ್ರಾರ್ಥನೆಗಳನ್ನು ಕಲಿಸಿ, ದೇವರ ಮುಂದೆ ಜಗಳ ತೆಗೆಯುವ ಪ್ರಾರ್ಥನೆಗಳನ್ನು ಪುಸ್ತಕದಲ್ಲೇ ಬಿಟ್ಟರು. ಒಳ್ಳೆಯ ಮಗಳಾಗಿ ಬೆಳೆದವಳಿಗೆ ಸ್ವಂತ ಮಾತಿನಲ್ಲಿ ದೇವರನ್ನು ಬೈಯುವ ಧೈರ್ಯ ಬರುವುದಿಲ್ಲ. ಅದಕ್ಕೂ ಮೂರು ಸಾವಿರ ವರ್ಷದ ಹಳೆಯ ಅನುಮತಿ ಬೇಕು. ಕೀರ್ತನೆ ಆ ಅನುಮತಿ.

ಕೊನೆಗೆ, ಹೇಗೆ ಎಂದು ಕೇಳುವವರಿಗೆ ನನ್ನಲ್ಲಿರುವುದು ಇಷ್ಟೇ. ಚಿಕ್ಕದನ್ನು ಆರಿಸಿಕೊಳ್ಳಿ, ಎರಡು ನಿಮಿಷದಲ್ಲಿ ಮುಗಿಯುವಂಥದ್ದು. ಗಡಿಯಾರಕ್ಕೆ ಕಟ್ಟಬೇಡಿ, ಹೇಗಿದ್ದರೂ ದಿನವೂ ಮಾಡುವ ಒಂದು ಕೆಲಸಕ್ಕೆ ಕಟ್ಟಿ: ಬಸ್ಸು ಹತ್ತುವುದು, ಕುಕ್ಕರ್ ಇಡುವುದು, ಲೈಬ್ರರಿಯ ಮೆಟ್ಟಿಲು. ಮನೆಯ ಭಾಷೆಯಲ್ಲಿ ಹೇಳಿ, ಬಾರದಿದ್ದರೆ ಬಲ್ಲ ಹಿರಿಯರು ಇರುವಾಗಲೇ ಕೇಳಿ ಕಲಿಯಿರಿ. ವಾರಕ್ಕೊಂದು ಕೀರ್ತನೆ ಬಾಯಿಪಾಠ ಮಾಡಿ, ಸಿಟ್ಟಿನದ್ದನ್ನು ಬಿಡಬೇಡಿ. ತಪ್ಪಿದರೆ ತಪ್ಪಿತು, ಬಾಕಿ ತೀರಿಸಲು ಹೋಗಬೇಡಿ, ಮುಂದಿನ ಹೊತ್ತಿಗೆ ಹೇಳಿ. ಹೇಳಿ ಮುಗಿದಮೇಲೆ ನಿಮ್ಮದೇ ಮಾತು ಬಂದರೆ ಬರಲಿ, ಬಾರದಿದ್ದರೆ ಸುಮ್ಮನೆ ನಿಮ್ಮ ಕೆಲಸಕ್ಕೆ ಹೋಗಿ. ಪ್ರಾರ್ಥಿಸಿದಿರೆಂದು ಯಾರಿಗೂ ಹೇಳಬೇಡಿ, ಮೊಬೈಲಿಗೂ ಹೇಳಬೇಡಿ.

ಮನಸ್ಸು? ಅದು ಪಾಳಿಯ ಕೆಲಸಗಾರನ ಹಾಗೆ, ಒಂದೊಂದು ವಾರ ಒಂದೊಂದು ಹೊತ್ತಿಗೆ ಬರುತ್ತದೆ. ಅದು ಬಂದಾಗ ಬಾಗಿಲು ತೆರೆಯಲು ಮನೆಯಲ್ಲಿ ಯಾರಾದರೂ ಎಚ್ಚರವಿರಬೇಕು. ಬಾಯಿಪಾಠದ ಕೆಲಸ ಅದು.